ಮೂರನೇ ವರ್ಷದ ಲೆಕ್ಕ

ಕೂತ್ಕೊಳ್ಳಿ. ಫ್ಯಾನು ಒಂದೇ, ಅದೂ ಮೆಷೀನಿನ ಕಡೆಗೆ.
ಅರಸೀಕೆರೆ ಸ್ಟೇಷನ್ನಿನ ಎದುರಿನ ಈ ಜೆರಾಕ್ಸ್ ಅಂಗಡಿಯಲ್ಲಿ
ಒಂದು ರೈಲು ಹೋಗಿ ಇನ್ನೊಂದು ಬರುವ ಮುಕ್ಕಾಲು ಗಂಟೆಯೊಳಗೆ
ಲೆಕ್ಕ ಒಪ್ಪಿಸಿಬಿಡುತ್ತೇನೆ.

ಮೊದಲಿಗೆ ಇದ್ದದ್ದು ಒಂದು ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು.
ಆಧಾರ್ ಕಾಪಿಗೆ ಸರದಿ ನಿಂತವರು ಸುಮ್ಮನಿರಲಾರದೆ ಬರೆದರು:
ಕೊಬ್ಬರಿ ಬೂಸ್ಟು ಹಿಡಿಯದ ಹಾಗೆ ಅಟ್ಟದಲ್ಲಿ ಹರಡುವ ಬಗೆ,
ಹುಳಿ ಮಜ್ಜಿಗೆಗೆ ಮದ್ದು, ಕಳೆದುಹೋದ ಕೊಡೆಯ ವರ್ಣನೆ,
ಗಂಡನಿಗೆ ಹೇಳಲಾಗದ ಒಂದು ಮಾತು (ಹೆಸರಿಲ್ಲ).
ಟೈಲರ್ ನೂರುಲ್ಲಾ ಅಂದ: ‘ಇದನ್ನ ಹೊಲಿದರೆ ಅಂಗಿಯಾಗತ್ತೆ ಕಣಕ್ಕ.’
ಹೊಲಿದೆವು. ಎಂಟು ಪುಟ, ಎರಡು ರೂಪಾಯಿ, ಹನ್ನೆರಡು ಪ್ರತಿ.
ಇಪ್ಪತ್ನಾಲ್ಕು ಬರಬೇಕಿತ್ತು, ಇಪ್ಪತ್ತೆರಡು ಬಂತು.
ಕೊಡದವರ ಹೆಸರು ಗೊತ್ತು. ಹೇಳುವುದಿಲ್ಲ.

ಈಗ ಐದು ರೂಪಾಯಿ. ಒಂಬೈನೂರು ಪ್ರತಿ. ತಿಪಟೂರಿಗೂ ಹೋಗುತ್ತದೆ.
ಬರೆದವರಿಗೆ ಬಿಡಿಗಾಸಿಲ್ಲ; ಕಾಗದ, ಟೋನರು ಕಳೆದು ಉಳಿದದ್ದೆಲ್ಲ
ವಾರಕ್ಕೆ ಎರಡು ಸಲ ಹಾಸನಕ್ಕೆ ಡಯಾಲಿಸಿಸ್‌ಗೆ ಹೋಗುವವರ ಬಸ್ಸಿಗೆ.
ಹೆಂಗಸರಿಗೆ ಟಿಕೆಟ್ಟು ಫ್ರೀ ಆದ ಮೇಲೆ
ಅವರ ಪಾಲು ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಯ ಆಟೋಗೆ.
ಮೊದಲು ಮೂವರಿದ್ದರು. ಈಗ ಹತ್ತೊಂಬತ್ತು.
ಇದನ್ನು ಪ್ರಗತಿ ಅನ್ನಬೇಕೋ ಬೇಡವೋ,
ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ.

ತಪ್ಪುಗಳೂ ಆದವು, ಮುಚ್ಚಿಡುವುದಿಲ್ಲ.
ಕಾಯಿ ಸುಲಿಯುವ ಈರಮ್ಮ ಹೇಳಿದಳು, ನಾನು ಬರೆದುಕೊಂಡೆ:
‘ಯಾವ ಕಾಯ್ಲೆಗಾದ್ರೂ ಸರಿ, ದಿನಕ್ಕೊಂದು ಎಳನೀರು.’
ಅಚ್ಚಾದ ಸಂಜೆಯೇ ನರ್ಸ್ ಚಂಪಕಾ ಓಡಿ ಬಂದಳು,
ಚಪ್ಪಲಿ ಕೂಡ ಬಿಡದೆ: ‘ಕಿಡ್ನಿ ಹೋದವರಿಗೆ ಅದು ವಿಷ!’
ಒಂಬೈನೂರು ಪ್ರತಿಗೂ ಕೆಂಪು ಶಾಯಿಯಲ್ಲಿ ಗೆರೆ ಎಳೆದೆವು,
ರಾತ್ರಿ ಒಂದೂವರೆಯವರೆಗೆ. ಈರಮ್ಮನೂ ಎಳೆದಳು,
ಓದು ಬಾರದವಳು, ಗೆರೆ ಮಾತ್ರ ನಮ್ಮೆಲ್ಲರಿಗಿಂತ ನೇರ.
ಬೆಳಗ್ಗೆ ಕೇಳಿದಳು: ‘ತೆಂಗಿನ ಸೀಮೇಲಿ ಹುಟ್ಟಿ
ಎಳನೀರು ಕುಡೀಬಾರ್ದು ಅಂದ್ರೆ, ಅದೆಂಥಾ ಬಾಯಾರಿಕೆ ಅಲ್ವಾ?’
ಅದನ್ನು ಮುಂದಿನ ಸಂಚಿಕೆಗೆ ಹಾಕಿದೆವು.

ಇನ್ನು ಕಲ್ಲೇಶಿಯ ವಿಷಯ.
ಟಿಕೆಟ್ಟಿನ ದುಡ್ಡು ಪುಕ್ಕಟೆ ಬೇಡ ಅಂದ ಮನುಷ್ಯ.
‘ಏನಾದ್ರೂ ಬರೀತೀನಿ. ಕಿಟಕಿ ಸೀಟು ಸಿಕ್ಕಿದ್ರೆ.’
ಬರೆದ. ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ದೂರ:
ಹಾರನಹಳ್ಳಿಯಲ್ಲಿ ಹತ್ತುವ ಮೇಷ್ಟರ ಕೊಡೆಗೆ ಏಳು ಕಡ್ಡಿ,
ರಾಗಿ ಹೊಲದ ನಡುವೆ ಬಾಗಿಲಿಲ್ಲದ ಒಂದು ಬಾಗಿಲವಾಡ,
ಕಲ್ಲಿನ ಮೇಲೆ ಒಣಗಲು ಹಾಕಿದ ನೀಲಿ ಯೂನಿಫಾರಂ,
ಅದು ದಿನದಿಂದ ದಿನಕ್ಕೆ ಗಿಡ್ಡವಾಗುತ್ತಿದೆಯೆಂದೂ
ಹುಡುಗಿ ಬೆಳೆಯುತ್ತಿರಬೇಕೆಂದೂ.
ಹೋಗುವಾಗ ಮಾತ್ರ ಬರೆಯುತ್ತಿದ್ದ.
ಬರುವಾಗ ಕಣ್ಣು ತೆರೆಯುವ ಶಕ್ತಿ ಇರುತ್ತಿರಲಿಲ್ಲ.

ಮಾರ್ಚಿಯಲ್ಲಿ ದುದ್ದ ತಲುಪಿದ್ದ.
‘ದುದ್ದ ದಾಟಿದ ಮೇಲೆ ಒಂದು ಹುಣಸೆಮರ’,
ಅಲ್ಲಿಗೆ ಹಾಳೆ ಮುಗಿದಿತ್ತು. ಆ ಗುರುವಾರ ಅವನು ಬಸ್ಸು ಹತ್ತಲಿಲ್ಲ.

ಅಷ್ಟನ್ನೇ ಅಚ್ಚು ಹಾಕಿದೆವು, ಕೆಳಗೆ ಖಾಲಿ ಬಿಟ್ಟು.
ಯಾರನ್ನೂ ಕೇಳಿರಲಿಲ್ಲ. ಆದರೂ ಚೀಟಿ ಬಂದವು,
ಹಾಲಿನ ಡೈರಿಯವನಿಂದ, ಕಂಡಕ್ಟರನಿಂದ,
ಲ್ಯಾಬಿಗೆ ರಕ್ತದ ಬಾಟಲಿ ಒಯ್ಯುವ ಸಫೂರಾಳಿಂದ:
ಮರ ಎಡಗಡೆ. ಅಲ್ಲ, ಬಲಗಡೆ.
ಮರವೇ ಇಲ್ಲ, ರಸ್ತೆಗೆ ಕಡಿದರು. ಇದೆ, ನಿನ್ನೆ ಕಾಯಿ ಕಿತ್ತೆ.
ನಲವತ್ತೊಂದು ಚೀಟಿ. ಯಾವುದನ್ನೂ ತಿದ್ದಲಿಲ್ಲ, ಚಂಪಕಾ ಕೂಡ.
ಅತಿ ಹೆಚ್ಚು ಮಾರಾಟವಾದ ಸಂಚಿಕೆ ಅದೇ.

ಉಳಿಕೆ: ಹನ್ನೊಂದು ಸಾವಿರದ ಮುನ್ನೂರ ಆರು.
ಇದಲ್ಲದೆ, ಆ ಗುರುವಾರಕ್ಕೆಂದು ಎಣಿಸಿಟ್ಟ ಟಿಕೆಟ್ಟಿನ ಚಿಲ್ಲರೆ
ಟೋನರ್ ಡಬ್ಬದ ಮುಚ್ಚಳದಲ್ಲಿದೆ.
ಯಾವ ಕಲಮಿಗೆ ಸೇರಿಸಲಿ, ಹೇಳಿ.
ರೈಲು ಬಂತು. ಗಿರಾಕಿಗಳು ಬರುವ ಹೊತ್ತು.